ಮೇಷ್ಟ್ರ ನೋಟ್‌ಬುಕ್ಕು

ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆಯವರು. ಬೆರಳು ಚುಚ್ಚಿ ರಕ್ತ ಪರೀಕ್ಷಿಸುವ ಯಂತ್ರವನ್ನು ಮಗ ತಂದುಕೊಟ್ಟಿದ್ದ. ಬಂದ ಅಂಕಿಯನ್ನು ದಿನವೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು: 112, 118, 109. ದುಂಡನೆಯ, ಅಚ್ಚುಕಟ್ಟಾದ ಬರಹ. ಆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆ 9.2 ಎಂದಿತು. ಮೊಮ್ಮಗಳು ಯಂತ್ರದ ಗುಂಡಿ ಒತ್ತಿ ಹಳೆಯ ಅಂಕಿಗಳನ್ನು ತೆಗೆದಳು: 236, 251, 198. (ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ. ಅವರ ಅಡುಗೆಮನೆಯಲ್ಲಿ, ಅವರ ಬಾಯಿಂದಲೇ ಕೇಳಿದ್ದು. ಬರೆಯಲು ಅನುಮತಿಯನ್ನೂ ಕೊಟ್ಟಿದ್ದಾರೆ.)

ಮೇಷ್ಟ್ರು ಸುಳ್ಳು ಹೇಳಿದ್ದು ಯಾರಿಗೆ? ಮೋಸಗೊಳಿಸುವ ಮನಸ್ಸಿಲ್ಲದೆ ಸುಳ್ಳಿಲ್ಲ ಎಂದು ಸಂತ ಅಗಸ್ಟೀನರಿಂದ ಕಲಿತಿದ್ದೇವೆ. ಇಲ್ಲಿ ಮೋಸ ಮಾಡಿದವರೂ ಮೋಸಹೋದವರೂ ಒಬ್ಬರೇ. ಇದು ಇವರೊಬ್ಬರ ಕಥೆಯಲ್ಲ. 1984ರಲ್ಲಿ ಅಮೆರಿಕದ ವೈದ್ಯರು, ಅಂಕಿಗಳನ್ನು ಗುಟ್ಟಾಗಿ ಉಳಿಸಿಕೊಳ್ಳುವ ಯಂತ್ರಗಳನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ, ಹಲವರ ಪುಸ್ತಕಕ್ಕೂ ಯಂತ್ರಕ್ಕೂ ತಾಳೆಯಾಗಲಿಲ್ಲ.

"ಯಾಕೆ ಹಾಗೆ ಬರೆದಿರಿ?" ಎಂದು ಕೇಳಿದೆ. "ಫಾದರ್, ಬೆಳಿಗ್ಗೆ ಎದ್ದರೆ ಮನೆಮಂದಿಯೆಲ್ಲ ಎಷ್ಟು ಬಂತು, ಎಷ್ಟು ಬಂತು ಅಂತಾರೆ. ಮೂವತ್ತು ವರ್ಷ ಮಕ್ಕಳಿಗೆ ಮಾರ್ಕ್ಸ್ ಕೊಟ್ಟವನು ನಾನು. ಈಗ ನನಗೇ ಫೇಲ್ ಮಾಡ್ತಾರೆ" ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಸಕ್ಕರೆ ಕಾಯಿಲೆಯನ್ನು ನಾವು ಬಹುಬೇಗ ಪಾಪದ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ: "ತಿಂದು ತಿಂದೇ ತಂದುಕೊಂಡ." ಅದರಲ್ಲಿ ವಂಶದ ಪಾಲಿದೆ, ವಯಸ್ಸಿನ ಪಾಲಿದೆ, ಬಾಯಿಯ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅಂಕಿ ತೀರ್ಪಾದಾಗ ಮನುಷ್ಯ ಅದನ್ನು ಮುಚ್ಚಿಡುತ್ತಾನೆ. ಗದರುವ ಗುರುಗಳ ಬಳಿ ಪಾಪನಿವೇದನೆಗೆ ಯಾರು ಹೋಗುತ್ತಾರೆ?

ಪರೀಕ್ಷೆಯ ಉದ್ದೇಶವೇ ಬೇರೆ. ಊಟಕ್ಕೆ ಮುಂಚೆ ಒಮ್ಮೆ, ಎರಡು ಗಂಟೆಯ ನಂತರ ಒಮ್ಮೆ ನೋಡಿದರೆ ಆ ಊಟ ನಮ್ಮ ಮೈಯಲ್ಲಿ ಏನು ಮಾಡಿತೆಂದು ತಿಳಿಯುತ್ತದೆ. ರಾಗಿ ಒಳ್ಳೆಯದೆಂದು ದೊಡ್ಡ ಮುದ್ದೆ ನುಂಗಿದರೂ ಸಕ್ಕರೆ ಏರುತ್ತದೆ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದ ಕಾಫಿಯೂ ಅಷ್ಟೇ; ಈ ಬೆಲ್ಲದ ಸಮಾಧಾನ ನಮ್ಮ ಎಷ್ಟು ಮನೆಗಳಲ್ಲಿದೆಯೋ! ಅರ್ಧ ತಟ್ಟೆ ಪಲ್ಯ, ಸೊಪ್ಪು. ಮುದ್ದೆಯೋ ಅನ್ನವೋ ಯಾವುದಾದರೂ ಒಂದು, ಅದೂ ಕಡಿಮೆ. ತೂಕ ಇಳಿದರೆ ಏನಾಗುತ್ತದೆಂಬುದಕ್ಕೆ 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನವಿದೆ. ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದವರಿಗೆ ವೈದ್ಯಕೀಯ ನಿಗಾದಲ್ಲಿ ಆಹಾರ ತಗ್ಗಿಸಿದಾಗ, ಒಂದು ವರ್ಷದಲ್ಲಿ 46 ಶೇಕಡಾ ಮಂದಿಗೆ ಮಾತ್ರೆಯಿಲ್ಲದೆಯೇ ಸಕ್ಕರೆ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ 86 ಶೇಕಡಾ.

ಇಷ್ಟು ಕೇಳಿ ಕೆಲವರು ಇನ್ನೊಂದು ತುದಿಗೆ ಓಡುತ್ತಾರೆ. ಸಂತ ಥಾಮಸ್ ಅಕ್ವೀನಾಸರು ಹೊಟ್ಟೆಬಾಕತನವನ್ನು ದೋಷವೆಂದಂತೆಯೇ, ಸಹಜ ರುಚಿಯನ್ನು ಕಾರಣವಿಲ್ಲದೆ ತಳ್ಳಿಬಿಡುವುದನ್ನೂ ದೋಷವೆಂದರು. ಸಂಯಮಕ್ಕೆ ಅವರು ಇಟ್ಟ ಅಳತೆಗೋಲು ಈ ಬದುಕಿನ ಅಗತ್ಯ. ಆದ್ದರಿಂದ ತಪಸ್ಸುಕಾಲದಲ್ಲಿ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಊಟ ಬಿಡುವವರಿಗೆ ನನ್ನ ಕಿವಿಮಾತು: ಸಕ್ಕರೆ ಒಮ್ಮೆಲೇ ಕುಸಿದರೆ ಜೀವಕ್ಕೇ ಅಪಾಯ. ರೋಗಿಗಳಿಗೆ ಧರ್ಮಸಭೆ ಉಪವಾಸವನ್ನು ಕಡ್ಡಾಯ ಮಾಡಿಲ್ಲ. ಮೊದಲು ವೈದ್ಯರನ್ನು ಕೇಳಿ.

ಮೇಷ್ಟ್ರ ಮನೆಯಲ್ಲಿ ಈಗ ಬೆಳಿಗ್ಗೆ ಯಾರೂ ಅಂಕಿ ಕೇಳುವುದಿಲ್ಲ. ಅವರೊಬ್ಬರಿಗೇ ಬೇರೆ ಅಡುಗೆಯೂ ಇಲ್ಲ, ಎಲ್ಲರದ್ದೂ ಒಂದೇ ಸಾರು, ಒಂದೇ ಪಲ್ಯ. ಮೊನ್ನೆ ಹೋದಾಗ ಸಕ್ಕರೆಯಿಲ್ಲದ ಕಾಫಿ ಕೊಟ್ಟು ತಾವಾಗಿಯೇ ನೋಟ್‌ಬುಕ್ಕು ತೆರೆದರು. 131, 144, 138. ಭಾನುವಾರದ ಎದುರು 221. ಪಕ್ಕದಲ್ಲಿ ಅದೇ ದುಂಡನೆಯ ಅಕ್ಷರ: "ಜ್ಞಾನಸ್ನಾನದ ಮನೆ. ಶಾವಿಗೆ ಪಾಯಸ, ಎರಡು ಲೋಟ."