ಮರದ ಹಲಗೆಯ ಹಿರಿಮೆ

ದೆಹಲಿಯಲ್ಲಿದ್ದ ನಾವು ಮೂವರು ಕನ್ನಡಿಗರು 1984ರ ಚಳಿಗಾಲದಲ್ಲಿ ಹಿಮಾಚಲದ ನಾರ್ಕಂಡಾಕ್ಕೆ ಹೋಗಿ ಸ್ಕೀಯಿಂಗ್ ಕಲಿತೆವು. ಬಾಡಿಗೆಯ ಮರದ ಹಲಗೆ, ಚರ್ಮದ ಬೂಟು, ಹಿಮ್ಮಡಿ ಬಿಗಿಯುವ ತಂತಿ. ಅಡ್ಡಡ್ಡ ಹೆಜ್ಜೆಯಿಟ್ಟು ಅರ್ಧ ಗಂಟೆ ಗುಡ್ಡ ಹತ್ತಬೇಕು, ಅರೆನಿಮಿಷದಲ್ಲಿ ಕೆಳಗೆ!

ಈಗಿನವರಿಗೆ ರೋಪ್‌ವೇ ಇದೆ. 'ನಮ್ಮ ಹಾಗೆ ಕಲೀಲಿ ನೋಡೋಣ' ಅಂತಾರೆ ನನ್ನ ವಯಸ್ಸಿನವರು. ಕಷ್ಟಪಟ್ಟರೆ ವಿದ್ಯೆ ಗಟ್ಟಿಯಾಗುತ್ತೆ, ಒಪ್ಪೋಣ. ಆದರೆ ಬಿದ್ದಾಗ ಆ ತಂತಿ ಕಾಲು ಬಿಡುತ್ತಿರಲಿಲ್ಲ. ಹಲಗೆ ತಿರುಗಿದತ್ತ ಮೊಣಕಾಲೂ ತಿರುಗಬೇಕು. ಬಿದ್ದೊಡನೆ ಬೂಟನ್ನು ಬಿಡುವ ಸಾಧನವನ್ನು ಅಮೆರಿಕದಲ್ಲಿ ಯಾಲ್ಮರ್ ವಾಮ್ ತನ್ನ ಕಾಲು ಮುರಿದ ಮೇಲೆ, 1930ರ ದಶಕದಲ್ಲೇ ರೂಪಿಸಿದ್ದ. ನಮ್ಮ ಕೈಗೆ ಅದು ಬಂದಿರಲಿಲ್ಲ, ಅಷ್ಟೆ. ಅದನ್ನು ತಪಸ್ಸು ಅನ್ನೋಣವೇ?

ಮೂವರಲ್ಲೊಬ್ಬ, ತುಮಕೂರಿನವನು, ಎರಡನೇ ದಿನವೇ ಕಾಲು ಮುರಿದುಕೊಂಡ. ಮರದ ಹಲಗೆಯ ಹಿರಿಮೆ ಅವನ ಬಾಯಲ್ಲಿ ಒಮ್ಮೆಯೂ ಕೇಳಿಲ್ಲ. ಮಗಳನ್ನು ಔಲಿಗೆ ಕರೆದೊಯ್ದಾಗ ನಾನು ಮೊದಲು ನೋಡಿದ್ದು, ಬೂಟು ತಾನಾಗಿ ಕಳಚುತ್ತೋ ಇಲ್ವೋ ಅಂತ.