‘ಸಿಗ್ನಲ್ ಇಲ್ಲ’ ಅನ್ನುವ ಪೆಟ್ಟಿಗೆ

ಡಿಶ್ ಕೂರಿಸುವಾಗ ಪರದೆಯ ಮೇಲೆ ಎರಡು ಪಟ್ಟಿ ಕಾಣುತ್ತವೆ. ಒಂದು ಸಿಗ್ನಲ್‌ನ ಬಲ, ಇನ್ನೊಂದು ಗುಣಮಟ್ಟ. ಮನೆಯವರ ಕಣ್ಣು ಯಾವಾಗಲೂ ಮೊದಲನೆಯದರ ಮೇಲೆ. “ಎಂಬತ್ತೈದು ತೋರಿಸ್ತಾ ಇದ್ದಲಾ, ಚಿತ್ರ ಎಂತಕ್ಕೆ ಬತ್ತಾ ಇಲ್ಲೆ?” ಎಂದು ಕುಮಟಾದ ಅಜ್ಜಿಯೊಬ್ಬರು ನನ್ನನ್ನೇ ಗದರಿಸಿದ್ದರು. ಡಿಶ್ಶಿಗೆ ಬಿದ್ದದ್ದನ್ನೆಲ್ಲ ಬಲದ ಪಟ್ಟಿ ಎಣಿಸುತ್ತದೆ: ಪಕ್ಕದ ಉಪಗ್ರಹದ್ದು, ಡಿಶ್ಶಿನ ಮುಂದೆ ಕೂರುವ ಎಲ್‌ಎನ್‌ಬಿಯ ಒಳಗಿನ ಸದ್ದು, ಕೊನೆಗೆ ಸೂರ್ಯನದ್ದೂ. ಅದರಲ್ಲಿ ನಮಗೆ ಬೇಕಾದದ್ದು ಎಷ್ಟು ಎಂದು ಹೇಳುವುದು ಗುಣಮಟ್ಟದ ಪಟ್ಟಿ ಮಾತ್ರ.

ಕಂಪ್ಯೂಟರಿಗೆ ಟ್ಯೂನರ್ ಕಾರ್ಡು ಹಾಕಿಕೊಂಡವರಿಗೆ ಇದು ಇನ್ನೂ ಬೇಗ ಅರ್ಥವಾಗುತ್ತದೆ. ದೂರದರ್ಶನದ ಫ್ರೀ ಡಿಶ್ 2004ರ ಡಿಸೆಂಬರಿನಲ್ಲಿ ಶುರುವಾಯಿತು; ಈಗ 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ ಬರುತ್ತದೆ. ಹೊನ್ನಾವರದಲ್ಲಿ ನಿಂತರೆ ಅದು ಆಗ್ನೇಯ ದಿಕ್ಕಿಗೆ, ಅರವತ್ತು ಡಿಗ್ರಿಗಿಂತ ತುಸು ಮೇಲೆ. ಘಟ್ಟ ಅಡ್ಡ ಬರುವುದಿಲ್ಲ, ತೆಂಗಿನ ಮರ ಬರುತ್ತದೆ. ಸಾಫ್ಟ್‌ವೇರಿನಲ್ಲಿ ಎಲ್‌ಎನ್‌ಬಿಗೆ 9750 ಮತ್ತು 10600 ಕೊಟ್ಟು, 11090 ಮೆಗಾಹರ್ಟ್ಸ್, ವರ್ಟಿಕಲ್, ಸಿಂಬಲ್ ರೇಟ್ 29500 ಎಂದು ತುಂಬಬೇಕು. ಇವು ಹೆಚ್ಚು ತಪ್ಪಿದರೆ ಟ್ಯೂನರ್ ಸಿಗ್ನಲನ್ನು ಹಿಡಿಯುವುದಿಲ್ಲ, ಅಂದರೆ ಲಾಕ್ ಆಗುವುದಿಲ್ಲ. ಆಗ ಪರದೆಯ ಮೇಲಿನ ಪೆಟ್ಟಿಗೆ ನಿಸ್ಸಂಕೋಚವಾಗಿ ‘ಸಿಗ್ನಲ್ ಇಲ್ಲ’ ಎಂದು ಬರೆಯುತ್ತದೆ. ಸಿಗ್ನಲ್ ಮಾತ್ರ ಹೆಂಚಿನ ಮೇಲೆ, ಅಂಗಳದ ಮೇಲೆ, ನನ್ನ ತಲೆಯ ಮೇಲೆ ಸುರಿಯುತ್ತಲೇ ಇರುತ್ತದೆ.

ಹಳೆಯ ಆಂಟೆನಾದ ಕಾಲದಲ್ಲಿ ಹೀಗಿರಲಿಲ್ಲ. ಪರದೆಯ ತುಂಬ ಅಕ್ಕಿ ಚೆಲ್ಲಿದಂತಿದ್ದರೂ ಅದರ ಹಿಂದೆ ಯಾರೋ ವಾರ್ತೆ ಓದುತ್ತಿರುವುದು ತಿಳಿಯುತ್ತಿತ್ತು. ಡಿಜಿಟಲ್‌ಗೆ ಆ ದಾಕ್ಷಿಣ್ಯವಿಲ್ಲ. ಡಿವಿಬಿ-ಎಸ್ ಪದ್ಧತಿಯಲ್ಲಿ 188 ಬೈಟಿನ ಒಂದೊಂದು ಪ್ಯಾಕೆಟ್ಟಿಗೂ 16 ಬೈಟಿನ ಕಾವಲಿದೆ. ಎಂಟು ಬೈಟುಗಳವರೆಗೆ ಕೆಟ್ಟರೆ ತಾನೇ ತಿದ್ದಿಕೊಂಡು ಏನೂ ಆಗದವರ ಹಾಗೆ ಚಿತ್ರ ಕೊಡುತ್ತದೆ, ಒಂಬತ್ತಾದರೆ ಕೈಚೆಲ್ಲುತ್ತದೆ. ಆಷಾಢದ ಮಳೆಯಲ್ಲಿ ನಮ್ಮ ಕರಾವಳಿಯ ಟಿವಿಗಳೆಲ್ಲ ಈ ಎಂಟು ಒಂಬತ್ತರ ನಡುವೆಯೇ ಒದ್ದಾಡುವುದು.

ಗೋಕರ್ಣದಲ್ಲಿ ತರ್ಕ ಓದಿದ ನನ್ನ ದೊಡ್ಡಪ್ಪ ಒಮ್ಮೆ ‘ಸಿಗ್ನಲ್ ಇಲ್ಲ’ ಎಂದಿದ್ದ ನೀಲಿ ಪರದೆಯನ್ನು ನೋಡಿ, “ಇದು ಅನುಪಲಬ್ಧಿಯೋ, ಬರೇ ಅಜ್ಞಾನವೋ?” ಎಂದು ಕೇಳಿದರು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನು, ಅರಿವಿನ ಆರನೆಯ ಪ್ರಮಾಣವೆಂದೇ ಒಪ್ಪುತ್ತಾರೆ. ಆದರೆ ಒಂದು ಕಟ್ಟುಪಾಡು ಇದೆ: ಇದ್ದಿದ್ದರೆ ಕಂಡೇ ಕಾಣಬೇಕಾಗಿದ್ದದ್ದು ಕಾಣದಿದ್ದರೆ ಮಾತ್ರ ಅದು ಇಲ್ಲ. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಮಿಥಿಲೆಯ ಉದಯನಾಚಾರ್ಯ ‘ನ್ಯಾಯಕುಸುಮಾಂಜಲಿ’ಯ ಮೂರನೆಯ ಸ್ತಬಕದಲ್ಲಿ ಇದನ್ನೇ ಹಿಡಿದು ನಿರೀಶ್ವರವಾದಿಗಳ ಬಾಯಿ ಕಟ್ಟುತ್ತಾನೆ. ದೇವರು ಕಣ್ಣಿಗೆ ಕಾಣಲು ಯೋಗ್ಯನಾದ ವಸ್ತುವೇ ಅಲ್ಲ. ಆದ್ದರಿಂದ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ. ಕಂಡದ್ದೊಂದನ್ನೇ ನಂಬುವ ಚಾರ್ವಾಕ ಮನೆಯಿಂದ ಹೊರಗೆ ಕಾಲಿಟ್ಟರೆ ಹೆಂಡತಿ ಮಕ್ಕಳು ಕಾಣುವುದಿಲ್ಲ, ಎಲ್ಲರೂ ಇಲ್ಲವಾದರೆಂದು ಎದೆ ಬಡಿದುಕೊಂಡು ಅಳಬೇಕಾಗುತ್ತದೆ ಎಂದು ಹಾಸ್ಯವನ್ನೂ ಮಾಡುತ್ತಾನೆ. ದೊಡ್ಡಪ್ಪ ಇದನ್ನು ಹೇಳುವಾಗಲೆಲ್ಲ ನಗುತ್ತಿದ್ದರು.

ಹಾಸ್ಯ ನನಗೂ ಹಿಡಿಸಿತು, ವಾದ ಪೂರ್ತಿ ಹಿಡಿಸಲಿಲ್ಲ. ಚಾರ್ವಾಕ ಮನೆಗೆ ಮರಳಿದರೆ ಹೆಂಡತಿ ಕಾಣುತ್ತಾಳಲ್ಲ! ನಮ್ಮ ಕಸುಬಿನಲ್ಲಿ ‘ನಿಮ್ಮ ಡಿಶ್ಶೇ ಸರಿಯಿಲ್ಲ’ ಎಂದು ಹೇಳಿ ಎದ್ದುಬರುವ ಹಾಗಿಲ್ಲ. ಟ್ಯೂನರನ್ನು ಪಕ್ಕದ ಮನೆಯ, ಚಿತ್ರ ಬರುತ್ತಿರುವ ಕೇಬಲ್ಲಿಗೆ ಸಿಕ್ಕಿಸಿ ಲಾಕ್ ಆಗುವುದನ್ನು ತೋರಿಸಬೇಕು. ಆಮೇಲೆ ಮಾಡು ಹತ್ತಿ, ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದ ಜಾಯಿಂಟನ್ನು ಬಿಚ್ಚಿ ಯಜಮಾನನ ಕೈಯಲ್ಲೇ ಇಡಬೇಕು. ದೋಷ ಸಿಗ್ನಲ್ ಪಡೆಯುವವನದು ಎನ್ನುವವನು ದೋಷವನ್ನು ತೋರಿಸಬೇಕು.

ಭಕ್ತಿಯ ವಿಷಯದಲ್ಲಿ ಈ ಶಿಸ್ತನ್ನು ನಾನು ಕಂಡದ್ದು ಕಡಿಮೆ. ದೋಣಿ ಮಗುಚಿ ಮಗನನ್ನು ಕಳೆದುಕೊಂಡ ಒಬ್ಬ ತಾಯಿ ನನಗೆ ಗೊತ್ತು. ಇಡಗುಂಜಿಗೂ ಮುರುಡೇಶ್ವರಕ್ಕೂ ಹರಕೆ ಹೇಳಿಕೊಂಡಿದ್ದಳು. ಹನ್ನೊಂದನೆಯ ದಿನ ಊಟಕ್ಕೆ ಬಂದ ನೆಂಟರು, “ಹರಕೆಯಲ್ಲೇ ಏನೋ ಲೋಪ ಆಗಿರ್ಬೇಕು” ಎಂದರು. ಯಾವ ಮೀಟರು ಹಿಡಿದು ನೋಡಿದ್ದರು? ಫಲ ಬಂದರೆ ದೇವರ ಕೃಪೆ, ಬಾರದಿದ್ದರೆ ನಿನ್ನ ಎಲ್‌ಎನ್‌ಬಿ ಸರಿಯಿಲ್ಲ! ಇಂಥ ಮಾತನ್ನು ಸುಳ್ಳು ಮಾಡಲು ಯಾರಿಂದಲೂ ಆಗದು. ಉದಯನ ದೇವರನ್ನು ಉಳಿಸಿಕೊಟ್ಟ, ನಿಜ. ಆ ತಾಯಿಯನ್ನು ಇವರ ಕೈಗೆ ಬಿಟ್ಟ.

ನಡುವೆ ಒಂದು ಮಾತು. ಮಾರ್ಚ್ ನಡುವಿನಲ್ಲೂ ಸೆಪ್ಟೆಂಬರ್ ಕೊನೆಯಲ್ಲೂ ಕೆಲವು ದಿನ, ಬೆಳಿಗ್ಗೆ ಹನ್ನೊಂದರ ಆಸುಪಾಸಿಗೆ ಸೂರ್ಯ ಸರಿಯಾಗಿ ಆ ಉಪಗ್ರಹದ ಹಿಂದೆ ಬರುತ್ತಾನೆ. ಆ ಕೆಲವು ನಿಮಿಷ ಬಲದ ಪಟ್ಟಿ ಏರುತ್ತದೆ, ಗುಣಮಟ್ಟ ಕುಸಿಯುತ್ತದೆ. ಪ್ರವಚನಕಾರರಿಗೆ ತಿಳಿದರೆ ‘ಪರಮ ಪ್ರಕಾಶದ ಎದುರು ಚಿತ್ರವೆಲ್ಲ ಲಯ’ ಎಂದಾರು. ನನಗೆ ಅದು ಗದ್ದಲ ಹೆಚ್ಚಾಗಿ ಮಾತು ಕೇಳದೆ ಹೋಗುವ ವಿಷಯ, ಅಷ್ಟೆ.

ಭಟ್ಕಳದಲ್ಲಿ ನವಾಯತ ಮುಸ್ಲಿಂ ಹಿರಿಯರೊಬ್ಬರ ಮನೆಯಲ್ಲಿ ಕಂಪ್ಯೂಟರಿಗೆ ಟ್ಯೂನರ್ ಹೊಂದಿಸುತ್ತಿದ್ದಾಗ ಮಾತು ರಂಜಾನಿನ ಚಂದ್ರನತ್ತ ಹೊರಳಿತು. ಅವರಲ್ಲಿ ಇಪ್ಪತ್ತೊಂಬತ್ತನೆಯ ಸಂಜೆ ಚಂದ್ರ ಕಂಡರೆ ಮರುದಿನ ಹಬ್ಬ. ಮೋಡ ಮುಚ್ಚಿದರೆ ಮೂವತ್ತು ದಿನ ತುಂಬಿಸಬೇಕು. ಚಂದ್ರ ಇಲ್ಲ ಎಂದೂ ಹೇಳುವುದಿಲ್ಲ, ನೋಡಲು ನಿಂತವನ ಕಣ್ಣು ಕೆಟ್ಟದ್ದು ಎಂದೂ ಹೇಳುವುದಿಲ್ಲ. ಮುಂದೇನು ಮಾಡಬೇಕೆಂದು ಮಾತ್ರ ಹೇಳುತ್ತದೆ ಆ ನಿಯಮ. ಯಾವ ಊರಿನ ಕಣ್ಣನ್ನು ನಂಬುವುದು ಎಂಬ ತಕರಾರು ಇದ್ದೇ ಇದೆ. 2024ರಲ್ಲಿ ಕೇರಳಕ್ಕೂ ಮಂಗಳೂರಿನ ಕಡೆಗೂ ಏಪ್ರಿಲ್ 10ಕ್ಕೆ ಹಬ್ಬವಾದರೆ ಬೆಂಗಳೂರಿಗೆ 11ಕ್ಕೆ.

“ಚಂದ್ರ ಎಷ್ಟು ಗಂಟೆಗೆ ಎಲ್ಲಿರ್ತಾನೆ ಅಂತ ಕಂಪ್ಯೂಟರೇ ಹೇಳ್ತದಲ್ಲ ಸಾಹೇಬ್ರೇ, ಮತ್ತೆ ಸಮುದ್ರದ ದಂಡೆಗೆ ಹೋಗಿ ನಿಲ್ಲೋದು ಯಾಕೆ?” ಎಂದೆ.

“ಭಟ್ರೇ, ನಿಮ್ಮ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಚಂದನ ಚಾನೆಲ್ಲಿನ ಹೆಸರಿದೆ. ಹೆಸರಿದೆ ಅಂತ ಚಿತ್ರ ಬರೋ ಮುಂಚೆ ಬಿಲ್ ಬರೀತೀರಾ?”

ನಾನು ಬರೆಯುವುದಿಲ್ಲ, ನಮ್ಮ ಪಂಚಾಂಗ ಬರೆಯುತ್ತದೆ. ವಾರಗಟ್ಟಲೆ ಸೂರ್ಯ ಮುಖ ತೋರಿಸದ ಮಳೆಗಾಲದಲ್ಲೂ ಸೂರ್ಯೋದಯದ ಗಳಿಗೆ ನೋಡಿ ಅರ್ಘ್ಯ ಬಿಡುವವರು ನಾವು. ಅವರದು ಕಣ್ಣು, ನಮ್ಮದು ಗಣಿತ. ಮೋಡದ ದಿನಕ್ಕೆ ಮಾತ್ರ ಇಬ್ಬರಲ್ಲೂ ವ್ಯವಸ್ಥೆ ಇದೆ, ಮತ್ತು ಅದರಲ್ಲಿ ಯಾರನ್ನೂ ದೂರುವ ಕಲಮು ಇಲ್ಲ. ಧರ್ಮಗಳಲ್ಲಿ ನನಗೆ ಗೌರವ ಹುಟ್ಟಿಸುವುದು, ಉದಯನನ ವಾದಕ್ಕಿಂತ ಹೆಚ್ಚಾಗಿ, ಇದು.

ಆದರೆ ಚಂದ್ರ ಒಂದು ದಿನ ತಡವಾದರೂ ಬಂದೇ ಬರುತ್ತಾನೆ. ಮಗ ಬಾರದ ಮನೆಗೆ ಮೂವತ್ತು ತುಂಬಿಸಿ ಎನ್ನುವಂಥ ನಿಯಮ ನಾನು ತಿರುವಿ ಹಾಕಿದ ಪುಸ್ತಕಗಳಲ್ಲಿ ಕಾಣಲಿಲ್ಲ. ಕಾಣಲಿಲ್ಲವೆಂದು ಇಲ್ಲವೆನ್ನಲು ನನ್ನ ಓದು ಅಷ್ಟು ದೊಡ್ಡದೂ ಅಲ್ಲ. ಲೋಪ ಅವಳದೇ ಎಂದ ಆ ನೆಂಟರ ಮೀಟರನ್ನು ಮಾತ್ರ ಒಮ್ಮೆ ಬಿಚ್ಚಿ ನೋಡಬೇಕು.