ದೇವರು ಕ್ಷಮಿಸಿದ ಮೇಲೆ ಸಾಲ ತೀರಿತಾ?

 

ಇದು 2024ರ ಕಡೇ ಭಾನುವಾರ. ಇನ್ನೆರಡು ದಿನಕ್ಕೆ ವರ್ಷಾಂತ್ಯದ ರಾತ್ರಿ ಆರಾಧನೆಗೆ ಮತ್ತೆ ಇಲ್ಲೇ ಸೇರ್ತೀವಿ. ಸಾಕ್ಷಿ ಹೇಳ್ತೀವಿ, ಹನ್ನೆರಡು ಗಂಟೆಗೆ ಮೊಣಕಾಲೂರಿ ಪ್ರಾರ್ಥನೆ ಮಾಡ್ತೀವಿ, ಹೊಸ ವರ್ಷದ ವಾಗ್ದಾನದ ಕಾರ್ಡ್ ತಗೊಂಡು ಮನೆಗೆ ಹೋಗ್ತೀವಿ. ಅದಕ್ಕೆ ಮುಂಚೆ ಒಂದು ಪ್ರಶ್ನೆ ನಿಮ್ಮ ಮುಂದೆ ಇಡಬೇಕು ಅಂತ ಕರ್ತನು ನನ್ನ ಮನಸ್ಸಿಗೆ ಕೊಟ್ಟಿದ್ದಾನೆ. ನಾನು ಒಬ್ಬ ಮನುಷ್ಯನಿಗೆ ಅನ್ಯಾಯ ಮಾಡಿದೆ. ದೇವರ ಹತ್ತಿರ ಅತ್ತು ಕ್ಷಮೆ ಕೇಳಿದೆ. ದೇವರು ಕ್ಷಮಿಸಿದ. ಹಾಗಾದ್ರೆ ಆ ಮನುಷ್ಯನ ಲೆಕ್ಕ ಮುಗಿದುಹೋಯ್ತಾ?

ಮತ್ತಾಯ 5:23-24 ತೆಗೀರಿ. ಕಾಣಿಕೆ ಹಿಡ್ಕೊಂಡು ಯಜ್ಞವೇದಿಯವರೆಗೂ ಬಂದಿರೋ ಒಬ್ಬ ವಿಶ್ವಾಸಿ ಅಲ್ಲಿದ್ದಾನೆ. ತನ್ನ ಮೇಲೆ ಸಹೋದರನಿಗೆ ಏನೋ ದೂರಿದೆ ಅಂತ ಅವನಿಗೆ ಅಲ್ಲಿ ನೆನಪಾಗುತ್ತೆ. ಕಾಣಿಕೆಯನ್ನ ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಸರಿಮಾಡ್ಕೋ, ಆಮೇಲೆ ಬಂದು ಅರ್ಪಿಸು ಅಂತಾನೆ ಯೇಸು. "ಪ್ರಾರ್ಥನೆ ಮುಗಿಸಿ ನಿಧಾನಕ್ಕೆ ಹೋಗು" ಅನ್ನಲ್ಲ. ಆರಾಧನೆಯನ್ನೇ ಅರ್ಧಕ್ಕೆ ನಿಲ್ಲಿಸ್ತಾನೆ.

ಈ ವಾಕ್ಯದ ಮೇಲೆ ನಾನು ಎಷ್ಟೋ ಸಲ ಸಂದೇಶ ಕೊಟ್ಟಿದ್ದೀನಿ. ನಾನೇ ಪಾಲಿಸಿರಲಿಲ್ಲ. ಇವತ್ತು ಅದನ್ನ ನಿಮ್ಮ ಮುಂದೆ ಹೇಳಿಬಿಡ್ತೀನಿ.

ನನ್ನ ಊರು ರುದ್ರಪಟ್ಟಣ. ಹಾಸನ ಜಿಲ್ಲೆ, ಅರಕಲಗೂಡು ತಾಲೂಕು, ಕಾವೇರಿ ದಡ. ಸಂಗೀತ ಗೊತ್ತಿರೋರಿಗೆ ಹೆಸರು ಕೇಳಿರುತ್ತೆ. ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲೇ. ನಮ್ಮ ಮನೆಗೆ ಸಂಗೀತ ಗೊತ್ತಿರಲಿಲ್ಲ, ಹೊಗೆಸೊಪ್ಪು ಗೊತ್ತಿತ್ತು. ಸುತ್ತಮುತ್ತ ತುಂಬಾ ಜನ ಹೊಗೆಸೊಪ್ಪು ಬೆಳೀತಾರೆ, ಬ್ಯಾರನ್ನಿನಲ್ಲಿ ಸೌದೆ ಉರಿಸಿ ಹದ ಮಾಡ್ತಾರೆ, ರಾಮನಾಥಪುರದ ಹರಾಜಿಗೆ ಹಾಕ್ತಾರೆ. ಇಡೀ ವರ್ಷದ ದುಡ್ಡು ಆ ಹರಾಜಲ್ಲೇ ಬರಬೇಕು.

2011ರಲ್ಲಿ ಅಪ್ಪ ಆಸ್ಪತ್ರೆ ಸೇರಿದ್ರು. ಪಕ್ಕದ ಮನೆಯವರನ್ನ ನಾನು ಚಿಕ್ಕಂದಿನಿಂದ ಮಾವ ಅಂತಲೇ ಕರೆಯೋದು. ಹರಾಜಿನಲ್ಲಿ ಬಂದ ದುಡ್ಡಲ್ಲಿ ನಲವತ್ತು ಸಾವಿರ ಎಣಿಸಿ ಅವರು ನನ್ನ ಕೈಗೆ ಕೊಟ್ಟರು. ಪತ್ರ ಇಲ್ಲ, ಬಡ್ಡಿ ಇಲ್ಲ. "ಮುಂದಿನ ಮುಂಗಾರಿನ ಹೊತ್ತಿಗೆ ಕೊಟ್ಬಿಡಪ್ಪ" ಅಂದ್ರು, ಅಷ್ಟೇ. ಅಪ್ಪ ಉಳೀಲಿಲ್ಲ. ನಾನು ಬೆಂಗಳೂರಿಗೆ ಬಂದೆ. ಇಲ್ಲಿ ಯೇಸು ನನ್ನನ್ನ ಹುಡುಕಿದ. ರಕ್ಷಣೆ ಆಯ್ತು, ದೀಕ್ಷಾಸ್ನಾನ ಆಯ್ತು, ಕೆಲಸ ಸಿಕ್ತು, ಮದುವೆ ಆಯ್ತು, ಸೇವೆಗೂ ಬಂದೆ. ಪ್ರತಿ ತಿಂಗಳೂ ತಪ್ಪದೆ ದಶಮಾಂಶ ಕೊಟ್ಟೆ. ಪ್ರತಿ ಡಿಸೆಂಬರ್ 31ಕ್ಕೆ ಎದ್ದು ನಿಂತು ಸಾಕ್ಷಿ ಹೇಳಿದೆ. ಮಾವನ ನಲವತ್ತು ಸಾವಿರ ಮಾತ್ರ ಹಾಗೇ ಉಳೀತು.

ಮೊದಮೊದಲು ನಿಜವಾಗ್ಲೂ ದುಡ್ಡಿರಲಿಲ್ಲ. ದುಡ್ಡು ಬಂದ ಮೇಲೆ ನಾಚಿಕೆ ಬಂತು. ನಾಚಿಕೆ ಹಳೇದಾದ ಮೇಲೆ ಅದಕ್ಕೆ ವಾಕ್ಯದ ಬಟ್ಟೆ ಹೊದಿಸಿದೆ. ಕ್ರಿಸ್ತನಲ್ಲಿ ನಾನು ಹೊಸ ಸೃಷ್ಟಿ, ಹಳೇದು ಹೋಯ್ತಲ್ಲ! ಇನ್ನೊಂದು ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ. "ಹೇಗಿದ್ರೂ ಅದು ಹೊಗೆಸೊಪ್ಪಿನ ದುಡ್ಡು ತಾನೇ" ಅಂತಲೂ ಅಂದ್ಕೊಂಡಿದ್ದೆ. ಅಪ್ಪನ ಆಸ್ಪತ್ರೆ ಬಿಲ್ ಕಟ್ಟೋವಾಗ ಆ ದುಡ್ಡು ಅಶುದ್ಧ ಆಗಿರಲಿಲ್ಲ. ವಾಪಸ್ ಕೊಡೋವಾಗ ಅಶುದ್ಧ ಆಗಿಬಿಡ್ತು.

ಪ್ರಾರ್ಥನೆಯಲ್ಲಿ ಎಷ್ಟೋ ಸಲ ಮಾವನ ಮುಖ ಕಣ್ಮುಂದೆ ಬರ್ತಿತ್ತು. ನಾನೇನ್ ಮಾಡ್ತಿದ್ದೆ ಗೊತ್ತಾ? "ಸೈತಾನನೇ, ನನ್ನ ಹಳೇದನ್ನ ನೆನಪಿಸಬೇಡ, ತೊಲಗು" ಅಂತ ಗದರಿಸ್ತಿದ್ದೆ. ಜೋರಾಗಿ ಸ್ತೋತ್ರ ಹೇಳ್ತಿದ್ದೆ. ಪಕ್ಕದಲ್ಲಿದ್ದವರು ನನಗೆ ಅಭಿಷೇಕ ಬಂತು ಅಂದ್ಕೊಂಡಿರಬೇಕು.

ಯೌವನಸ್ಥರೇ, ಇದನ್ನ ಗಮನಿಸಿ ಕೇಳಿ. ನಮ್ಮ ಮೇಲೆ ದೂರು ಹೇಳುವವನು ಒಬ್ಬನಿದ್ದಾನೆ, ಪ್ರಕಟನೆ 12:10ರಲ್ಲಿ ಓದ್ತೀವಿ. ಪಾಪದ ವಿಷಯದಲ್ಲಿ ನಮಗೆ ಅರಿವು ಹುಟ್ಟಿಸುವ ಪವಿತ್ರಾತ್ಮನೂ ಇದ್ದಾನೆ, ಯೋಹಾನ 16:8. ಎರಡರಲ್ಲೂ ಮನಸ್ಸು ಚುಚ್ಚುತ್ತೆ. ವ್ಯತ್ಯಾಸ ಹೇಗೆ ತಿಳ್ಕೊಳ್ಳೋದು? ನನಗೆ ಅರ್ಥವಾಗಿದ್ದು ಇಷ್ಟು. ಸೈತಾನ "ನೀನು ಕೆಟ್ಟವನು, ನಿನ್ನ ಕಥೆ ಮುಗೀತು" ಅಂತಾನೆ. ಮುಂದೆ ದಾರಿ ತೋರಿಸಲ್ಲ. ಪವಿತ್ರಾತ್ಮನ ಮಾತಿಗೆ ಒಂದು ವಿಳಾಸ ಇರುತ್ತೆ. ಇಂಥ ಮನೆಗೆ ಹೋಗು, ಇಂಥವರ ಹತ್ತಿರ ಮಾತಾಡು, ಇಷ್ಟು ಕೊಡು ಅಂತ ಹೇಳುತ್ತೆ. ನನಗೆ ಬರ್ತಿದ್ದ ಮಾತಿಗೆ ವಿಳಾಸ ಇತ್ತು. ಹದಿಮೂರು ವರ್ಷ ನಾನು ಪವಿತ್ರಾತ್ಮನನ್ನೇ ಗದರಿಸಿದ್ದೆ.

ಈ ತಿಂಗಳು ಹೊರಟೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ದಾಟಿ ಊರು ಸೇರೋ ಹೊತ್ತಿಗೆ ಮಧ್ಯಾಹ್ನ. ಜೇಬಲ್ಲಿ ನಲವತ್ತೆಂಟು ಸಾವಿರ ಇತ್ತು. ಅರಣ್ಯಕಾಂಡ 5:7ರ ಪ್ರಕಾರ ಮೋಸ ಮಾಡಿದವನು ಅಸಲನ್ನೂ ಅದರ ಜೊತೆ ಐದರಲ್ಲೊಂದು ಪಾಲನ್ನೂ ಸೇರಿಸಿ ಕೊಡಬೇಕು. ಹಾಗೆ ಲೆಕ್ಕ ಹಾಕಿದ್ದೆ. ನಿಜ ಹೇಳ್ಬೇಕಂದ್ರೆ ಒಳಗೊಳಗೇ ಒಂದು ಆಸೆ ಇತ್ತು. ಮಾವ ನನ್ನನ್ನ ತಬ್ಬಿಕೊಳ್ತಾರೆ, "ಹೋಗ್ಲಿ ಬಿಡಪ್ಪ" ಅಂತಾರೆ, ಬಂದು ಸಭೆಯಲ್ಲಿ ಸಾಕ್ಷಿ ಹೇಳಬಹುದು ಅಂತ.

ಮಾವ ಹಾಗೆ ಅನ್ನಲಿಲ್ಲ. ದುಡ್ಡು ಇಸ್ಕೊಂಡ್ರು, ಎಣಿಸಿದ್ರು. ಆಮೇಲೆ ಹೇಳಿದ್ರು: "ಆ ವರ್ಷ ಬ್ಯಾರನ್ನಿಗೆ ಸೌದೆ ತರೋಕೆ ಬಡ್ಡಿಗೆ ಸಾಲ ಮಾಡ್ದೆ ಕಣಪ್ಪ. ಅದು ತೀರೋಕೆ ನಾಲ್ಕು ವರ್ಷ ಹಿಡೀತು." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು: "ಇಷ್ಟು ವರ್ಷ ಪ್ರಾರ್ಥನೆ ಮಾಡ್ತಿದ್ದಲ್ಲ, ನಿಮ್ ದೇವ್ರು ನನ್ ವಿಷ್ಯ ಒಂದ್ಸಲಾನೂ ಕೇಳ್ಲಿಲ್ವಾ?"

"ಕೇಳಿದ್ದ ಮಾವ. ನಾನೇ ಉತ್ತರ ಕೊಡಲಿಲ್ಲ" ಅಂದೆ. ಅದಕ್ಕಿಂತ ಹೆಚ್ಚು ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅತ್ತೆ ಕಾಫಿ ಕೊಟ್ಟರು. ಕುಡಿದು ಎದ್ದು ಬಂದೆ. ಮಾವ ನನ್ನನ್ನ ಕ್ಷಮಿಸಿದ್ದಾರಾ? ಗೊತ್ತಿಲ್ಲ. ಅದನ್ನ ಕೇಳಿ ಇಸ್ಕೊಳ್ಳೋ ಹಕ್ಕು ನನಗಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. "ಪಾಸ್ಟರ್, ಇದು ಕ್ರಿಯೆಗಳಿಂದ ರಕ್ಷಣೆ ಅಂದಂಗಾಯ್ತಲ್ಲ?" ಅಂತ ಯಾರಾದ್ರೂ ಕೇಳಬಹುದು. ಲೂಕ 19 ನೋಡಿ. ಜಕ್ಕಾಯ ಇನ್ನೂ ಮರದ ಮೇಲೆ ಇದ್ದಾಗಲೇ ಯೇಸು ಅವನ ಮನೆಗೆ ಬರ್ತೀನಿ ಅಂದ. ಕೃಪೆ ಮೊದಲು ಬಂತು. ಆ ಕೃಪೆ ಮನೆಯೊಳಗೆ ಕಾಲಿಟ್ಟ ಮೇಲೆ ಜಕ್ಕಾಯನ ಕೈ ತಾನಾಗೇ ಗಂಟು ಬಿಚ್ಚಿತು, ಮೋಸ ಮಾಡಿ ತಗೊಂಡಿದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದ. ಕೊಟ್ಟಿದ್ದಕ್ಕೆ ಯೇಸು ಬಂದದ್ದಲ್ಲ, ಯೇಸು ಬಂದದ್ದಕ್ಕೆ ಕೊಟ್ಟ. ಶಿಲುಬೆಯ ರಕ್ತ ದೇವರ ಮುಂದೆ ನನ್ನ ಪಾಪ ತೊಳೀತು. ಮಾವನ ನಲವತ್ತು ಸಾವಿರ ನನ್ನ ಹತ್ತಿರವೇ ಇಟ್ಕೋ ಅಂತ ಆ ರಕ್ತ ಯಾವತ್ತೂ ಹೇಳಲಿಲ್ಲ.

ನಾವು ಅನ್ಯಾಯ ಮಾಡಿದವರು ತೀರಿಹೋಗಿದ್ರೆ? ಅರಣ್ಯಕಾಂಡ 5:8ರಲ್ಲಿ ಅದಕ್ಕೂ ಮಾತಿದೆ. ತಗೊಳ್ಳೋಕೆ ಹತ್ತಿರದ ಬಂಧುವೂ ಇಲ್ಲದಿದ್ರೆ ಅದು ಕರ್ತನಿಗೆ ಸೇರಬೇಕು. ಗಮನಿಸಿ, ಆಗಲೂ ಅದು ತಪ್ಪು ಮಾಡಿದವನ ಜೇಬಲ್ಲಿ ಉಳಿಯೋದಿಲ್ಲ. ಇನ್ನು ಕೆಲವು ಗಾಯಗಳಿವೆ, ನಾವು ಮತ್ತೆ ಎದುರಿಗೆ ಹೋದ್ರೆ ಅವರಿಗೇ ನೋವು ಹೆಚ್ಚಾಗುತ್ತೆ. ನಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕೆ ಅವರ ಬಾಗಿಲು ಬಡಿಯಬಾರದು. ಅಂಥ ವಿಷಯ ಇದ್ರೆ ಮೊದಲು ಹಿರಿಯರೊಬ್ಬರ ಹತ್ತಿರ ಮಾತಾಡಿ.

ನಮ್ಮೂರಲ್ಲಿ ತಂಬೂರಿ ಆಕಾರದಲ್ಲಿ ಕಟ್ಟಿದ ಒಂದು ಮಂದಿರ ಇದೆ. ಬರೋವಾಗ ಅದನ್ನ ನೋಡ್ತಾ ಒಂದು ಯೋಚನೆ ಬಂತು. ಹಾಡೋರು ಮೊದಲು ಕೂತು ಶ್ರುತಿ ಸೇರಿಸ್ತಾರೆ. ಕೇಳೋಕೆ ಬಂದವರು ಅಷ್ಟು ಹೊತ್ತೂ ಕಾಯ್ತಾರೆ. ಶ್ರುತಿ ತಪ್ಪಿದ್ರೆ ಎಂಥ ಕಂಠ ಇದ್ರೂ ಹಾಡು ಅಪಸ್ವರವೇ. ನನ್ನ ಹದಿಮೂರು ವರ್ಷದ ಸಾಕ್ಷಿ ಹಾಗಿತ್ತು.

31ನೇ ತಾರೀಕು ನಿಮ್ಮಲ್ಲಿ ಎಷ್ಟೋ ಜನ ವಾಟ್ಸಾಪ್ ಸ್ಟೇಟಸ್ ಹಾಕ್ತೀರ. "ಗೊತ್ತಿದ್ದೋ ಗೊತ್ತಿಲ್ಲದೆಯೋ ಯಾರ ಮನಸ್ಸನ್ನಾದ್ರೂ ನೋಯಿಸಿದ್ರೆ ಕ್ಷಮಿಸಿ." ಎಲ್ಲರಿಗೂ ಕಳಿಸಿದ ಕ್ಷಮೆ ಯಾರಿಗೂ ತಲುಪಲ್ಲ. ಈ ಸಲ ಅದರ ಬದಲು ಒಬ್ಬರಿಗೆ ಫೋನ್ ಮಾಡಿ. ರೂಮ್‌ಮೇಟ್‌ಗೆ ಕೊಡಬೇಕಾದ ಅಡ್ವಾನ್ಸ್ ದುಡ್ಡು ಇರಬಹುದು. ಆಫೀಸಲ್ಲಿ ಇನ್ನೊಬ್ಬರ ಕೆಲಸಕ್ಕೆ ನೀವು ತಗೊಂಡ ಹೆಸರು ಇರಬಹುದು. ಊರಲ್ಲಿ ಅಮ್ಮನಿಗೆ ಆಡಿದ ಒಂದು ಮಾತು ಇರಬಹುದು. ಪೂರ್ತಿ ಕೊಡೋಕೆ ಆಗದಿದ್ರೆ ತಿಂಗಳಿಗೆ ಇಷ್ಟು ಅಂತ ಹೇಳಿ ಶುರುಮಾಡಿ. ಅವರು ಬೈದ್ರೆ ಕೇಳಿಸ್ಕೊಳ್ಳಿ.

ಮಂಗಳವಾರ ರಾತ್ರಿ ಕಾಣಿಕೆ ಚೀಲ ಬಂದಾಗ ಆ ದುಡ್ಡು ಬೇರೆಯವರದು ಅಂತ ನಿಮಗೆ ಗೊತ್ತಿದ್ರೆ ದಯವಿಟ್ಟು ಹಾಕಬೇಡಿ. ಸಭೆಗೆ ಕಾಣಿಕೆ ಕಡಿಮೆ ಆಗಲಿ, ಪರವಾಗಿಲ್ಲ. ಮೊದಲು ಹೋಗಿ ಬನ್ನಿ. ಕರ್ತನು ಕಾಯ್ತಾನೆ.

ಎಲ್ಲರೂ ಕಣ್ಮುಚ್ಚೋಣ. ಕರ್ತನೇ, ನಮ್ಮನ್ನ ಕ್ಷಮಿಸಿದ್ದಕ್ಕೆ ಸ್ತೋತ್ರ. ಈಗ ನಮ್ಮ ಕಣ್ಮುಂದೆ ಬಂದಿರೋ ಆ ಮುಖವನ್ನ ಗದರಿಸಿ ಓಡಿಸದ ಹಾಗೆ ಸಹಾಯ ಮಾಡು. ಹೋಗೋಕೆ ಧೈರ್ಯ ಕೊಡು. ನಮ್ಮಿಂದ ನಷ್ಟ ಆದವರನ್ನ ಈ ಹೊಸ ವರ್ಷದಲ್ಲಿ ನೀನೇ ಆಶೀರ್ವದಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.